ಮನೆಗೆ ಬರುವ ಫಿಸಿಯೋ ಹತ್ತಿರ ಮೊದಲು ಡಿಗ್ರಿ ಕೇಳಿ, ದಯವಿಟ್ಟು ಕೇಳಿ

ಬರೆಯಲೋ ಬೇಡವೋ ಅಂತ ಒಂದು ವಾರ ಯೋಚಿಸಿದೆ. ಓದಿದವಳಾಗಿ ಹೀಗೆ ಮೋಸ ಹೋದೆ ಅಂತ ಹೇಳಿಕೊಳ್ಳೋಕೆ ನಾಚಿಕೆ. ಆದರೆ ಆ ಫಿಸಿಯೋ ಈಗ ಪಕ್ಕದ ಊರಿನ ಮನೆಗೂ ಹೋಗುತ್ತಿದ್ದಾನಂತೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಅಂಗಳ ಹೇಗಿರುತ್ತೆ ಅಂತ ಗೊತ್ತಲ್ವಾ. ಜಾರದಿರಲಿ ಅಂತ ಅಡಿಕೆ ಮರದ ದಬ್ಬೆ ಹಾಸಿದ್ದರೂ ಅಮ್ಮ ಜಾರಿ ಬಿದ್ದಳು. ಪಾದದ ಗಂಟಿನ ಹತ್ತಿರ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಪ್ಲೇಟ್ ಹಾಕಿದರು, ಫಿಸಿಯೋಥೆರಪಿ ಮಾಡಿಸಿ ಅಂತ ಚೀಟಿ ಕೊಟ್ಟರು. ದಿನಾ ಶಿವಮೊಗ್ಗಕ್ಕೆ ಹೋಗಿ ಬರೋದು ಆಗದ ಮಾತು. ಪರಿಚಯದವರೊಬ್ಬರು ಮನೆಗೇ ಬರುವ ಫಿಸಿಯೋ ಒಬ್ಬರ ನಂಬರ್ ಕೊಟ್ಟರು.

ಬಂದರು. ಬಿಳಿ ಕೋಟು, ಹೆಸರಿನ ಮುಂದೆ ಡಾಕ್ಟರ್, ಕೊರಳಲ್ಲಿ ಐಡಿ ಕಾರ್ಡ್. 20 ಸಿಟ್ಟಿಂಗ್‌ಗೆ 12,000 ರೂಪಾಯಿ, ಮೊದಲೇ ಕೊಡಬೇಕು. ಕೊಟ್ಟೆ. "ಸರ್, ನೀವು ಓದಿದ್ದು..." ಅಂತ ಶುರು ಮಾಡಿದ್ದೆ, ಅಮ್ಮ ಕಣ್ಣಲ್ಲೇ ಗದರಿದಳು. ಅವರು ಹೋದಮೇಲೆ, "ಮನೆಗೆ ಬಂದ ಡಾಕ್ಟ್ರನ್ನ ಹಾಗೆಲ್ಲ ಕೇಳ್ತಾರೇನೇ ಮಾರಾಯ್ತಿ?" ಅಂದಳು. ನಾನೂ ಸುಮ್ಮನಾದೆ. ಅಲ್ಲೇ ತಪ್ಪಿದ್ದು.

ಅಮ್ಮನಿಗೆ 15 ವರ್ಷದಿಂದ ಶುಗರ್ ಇದೆ. ಪಾದ ಯಾವಾಗಲೂ ಜೋಮು ಹಿಡಿದ ಹಾಗೆ. ಆತ ಅದನ್ನು ಕೇಳಲೇ ಇಲ್ಲ. ನಾಲ್ಕನೇ ದಿನ ಹಾಟ್ ಪ್ಯಾಕ್ ಇಟ್ಟು, ಜಗಲಿಗೆ ಹೋಗಿ ಫೋನಲ್ಲಿ ಮಾತಾಡುತ್ತಾ ಕೂತ. ಅರ್ಧ ಗಂಟೆ! ಅಮ್ಮನಿಗೆ ಬಿಸಿಯೇ ಗೊತ್ತಾಗಲಿಲ್ಲ. ಸಂಜೆಗೆ ಪಾದದ ಮೇಲೆ ಅಂಗೈ ಅಗಲದ ಬೊಬ್ಬೆ.

ಫೋನ್ ಮಾಡಿದರೆ, "ಒಳಗಿನ ಕೆಟ್ಟ ನೀರು ಹೊರಗೆ ಬರ್ತಿದೆ ಮೇಡಂ, ಒಳ್ಳೇದೇ" ಅಂದ. ನಾನು ಅದನ್ನ ನಂಬಿದೆ. ಒಂದು ರಾತ್ರಿ ಪೂರ್ತಿ ನಂಬಿಕೊಂಡು ಕೂತಿದ್ದೆ. ಬೆಳಿಗ್ಗೆ ಡಾಕ್ಟರ್ ನೋಡಿ, "ಇದು ಸುಟ್ಟ ಗಾಯ, ಯಾರು ಮಾಡಿದ್ದು?" ಅಂದಾಗ ತಲೆ ಎತ್ತಲಾಗಲಿಲ್ಲ.

ಆಮೇಲೆ ವಾಟ್ಸಾಪಲ್ಲಿ ಡಿಗ್ರಿ ಸರ್ಟಿಫಿಕೇಟ್ ಕೇಳಿದೆ. ಯಾವುದೋ ಸಂಘದ ಮೆಂಬರ್‌ಶಿಪ್ ಕಾರ್ಡ್ ಬಂತು. "ಇದು ನ್ಯಾಷನಲ್ ಲೆವೆಲ್ ಮೇಡಂ." ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ, ಎಲ್ಲಿ ಮಾಡಿದ್ದು ಅಂದೆ. "ಎಕ್ಸ್‌ಪೀರಿಯನ್ಸ್ ಮುಖ್ಯ ಮೇಡಂ, ಪೇಪರ್ ಅಲ್ಲ." ಮತ್ತೆ ಮತ್ತೆ ಕೇಳಿದ ಮೇಲೆ ಬಂದದ್ದು 6 ತಿಂಗಳ ಕೋರ್ಸಿನ ಸರ್ಟಿಫಿಕೇಟ್. 6 ತಿಂಗಳು! ಬಿಪಿಟಿ ಮಾಡಿದವರು ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷವಾದರೂ ಓದಿರುತ್ತಾರೆ.

ಪೇಷಂಟ್‌ಗೆ ತೊಂದರೆಯಾದರೆ ಪರಿಹಾರ ಕೊಡುವ ಪ್ರೊಫೆಷನಲ್ ಇಂಡೆಮ್ನಿಟಿ ಇನ್ಶೂರೆನ್ಸ್ ಇದೆಯಾ ಅಂತಲೂ ಕೇಳಿದೆ. "ಇದೆ ಮೇಡಂ" ಅಂತ ತನ್ನ ಜೀವ ವಿಮೆಯ ರಸೀದಿ ಕಳಿಸಿದ. ನನ್ನ ಅಮ್ಮನ ಕಾಲು ಸುಟ್ಟಿದೆ, ಈತ ತನ್ನ ಜೀವ ವಿಮೆ ತೋರಿಸುತ್ತಾನೆ. ಅವತ್ತು ನನ್ನ ಕೈ ನಡುಗುತ್ತಿತ್ತು.

ನಮ್ಮ ಹೆಲ್ತ್ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ 60 ದಿನದವರೆಗಿನ ಖರ್ಚು ಸಿಗುತ್ತೆ. ಈತನ ಬಿಲ್ ವಾಪಸ್ ಬಂತು. ಅದರಲ್ಲಿ ರಿಜಿಸ್ಟ್ರೇಷನ್ ನಂಬರೇ ಇಲ್ಲ.

ಶಿವಮೊಗ್ಗದಲ್ಲಿರುವ ಆತನ ಸೆಂಟರ್‌ಗೂ ಹೋದೆ. ಫಿಸಿಯೋಥೆರಪಿ ಸೆಂಟರ್ ಕೂಡ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಲ್ಲಿ (ಕೆಪಿಎಂಇ) ನೋಂದಣಿ ಆಗಿರಬೇಕು, ಸರ್ಟಿಫಿಕೇಟ್ ಕಾಣುವ ಹಾಗೆ ಹಾಕಿರಬೇಕು. ಗೋಡೆಯ ಮೇಲೆ ಫ್ರೇಮ್‌ಗಳಿಗೇನೂ ಕಡಿಮೆ ಇಲ್ಲ. ಅದೊಂದೇ ಇಲ್ಲ. ಉಳಿದ 16 ಸಿಟ್ಟಿಂಗ್‌ನ ದುಡ್ಡು ಕೇಳಿದರೆ "ಪ್ಯಾಕೇಜ್ ರೀಫಂಡ್ ಇಲ್ಲ ಮೇಡಂ, ನೀವೇ ನಿಲ್ಲಿಸಿದ್ದು" ಅಂದ.

ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಟ್ಟಿದ್ದೇನೆ. ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಫೀಸ್ ಇಲ್ಲ. ನೀವು ಬಿಪಿಟಿ ಡಿಗ್ರಿ ನೋಡಿ, ಯಾವ ಯೂನಿವರ್ಸಿಟಿ ಅಂತ ನೋಡಿ. ಸಂಘದ ಕಾರ್ಡ್ ತೋರಿಸಿದರೆ ಒಪ್ಪಬೇಡಿ. ದುಡ್ಡು ಒಟ್ಟಿಗೆ ಕೊಡಲೇಬೇಡಿ.

ಮೊನ್ನೆ ಬೇರೆ ಫಿಸಿಯೋ ಬಂದರು, ಚಿಕ್ಕ ಹುಡುಗಿ. ನಾನು ಕೇಳುವ ಮೊದಲೇ ಡಿಗ್ರಿ ತೋರಿಸಿದಳು. ಆಮೇಲೆ ಹತ್ತಿ ತೆಗೆದು, "ಕಣ್ಣು ಮುಚ್ಚಿ ಅಮ್ಮ, ಮುಟ್ಟಿದ್ದು ಗೊತ್ತಾದರೆ ಹೇಳಿ" ಅಂದಳು. ಅಮ್ಮ ಸುಮಾರು ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದಳು. "ಇನ್ನೂ ಮುಟ್ಟಿಲ್ವಾ ಮಗಾ?" ಅಂತ ಕೇಳಿದಳು. ಅಷ್ಟರಲ್ಲಿ ಆ ಹುಡುಗಿ ಐದಾರು ಕಡೆ ಮುಟ್ಟಿ ಆಗಿತ್ತು.