ಮಂಡಿಯ ಲೆಕ್ಕದ ಅಂಕಿಗಳು: ಜಾವಾಸ್ಕ್ರಿಪ್ಟ್ ಮತ್ತು ಪೈಥಾನ್‌ನಲ್ಲಿ ನಾನು ಮಾಡಿ ನೋಡಿದ ಹೋಲಿಕೆ

ಯಶವಂತಪುರದ ಎಪಿಎಂಸಿ ಪ್ರಾಂಗಣದಲ್ಲಿ ಬೇಳೆಕಾಳಿನ ಮಂಡಿ ನಡೆಸುವ ನನ್ನ ದೊಡ್ಡಪ್ಪನವರಿಗೆ ಬಾಕಿಯ ಲೆಕ್ಕವಿಡಲು ಪುಟ್ಟ ತಂತ್ರಾಂಶವೊಂದನ್ನು ಬರೆದುಕೊಡಲು ಒಪ್ಪಿಕೊಂಡಾಗ, ಕಷ್ಟವೆಲ್ಲ ಬಡ್ಡಿಯ ಲೆಕ್ಕಾಚಾರದಲ್ಲಿರುತ್ತದೆ ಎಂದು ಭಾವಿಸಿದ್ದೆ. ಹೆಚ್ಚು ದಿನ ಹಿಡಿದದ್ದು ಬೇರೆಯೇ ಕೆಲಸ: ಟೈಪ್ ಮಾಡಿದ ಪಠ್ಯವನ್ನು ಸಂಖ್ಯೆಯಾಗಿಸುವುದು ಮತ್ತು ಸಂಖ್ಯೆಯನ್ನು ಮರಳಿ ಪಠ್ಯವಾಗಿಸುವುದು. ಗುಮಾಸ್ತರು 1,25,000 ಎಂದು ಬರೆಯುತ್ತಾರೆ. ದೊಡ್ಡಪ್ಪನವರು ೧,೨೫,೦೦೦ ಎಂದು ಬರೆಯುತ್ತಾರೆ. ಇಬ್ಬರೂ ಕೈಹಾಕಿದ ಸಾಲಿನಲ್ಲಿ 1೫೦ ಎಂಬ ಬೆರಕೆಯೂ ಕಾಣಿಸುತ್ತದೆ. ಹೀಗಾಗಿ ಒಂದೇ ಕಡತವನ್ನು ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ, ಅಂದರೆ ನೋಡ್ ಮೂಲಕ ವಿ8 ಎಂಬ ಎಂಜಿನ್ ನಡೆಸುವ ಜಾವಾಸ್ಕ್ರಿಪ್ಟ್‌ನಲ್ಲಿ ಮತ್ತು ಪೈಥಾನ್ 3ರಲ್ಲಿ ಓಡಿಸಿ, ಯಾವುದು ಏನನ್ನು ಒಪ್ಪುತ್ತದೆ, ಏನನ್ನು ತಿರಸ್ಕರಿಸುತ್ತದೆ ಎಂದು ಸಾಲುಸಾಲಾಗಿ ಗುರುತು ಹಾಕಿಕೊಂಡೆ.

ಮೊದಲು ಹಿಡಿದದ್ದು ಪಠ್ಯವನ್ನು ಪೂರ್ಣಾಂಕವಾಗಿಸುವ, ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್ ಎಂಬ ಕಾರ್ಯ (ಫಂಕ್ಷನ್). ಅದು ಪಠ್ಯದ ಆರಂಭದಿಂದ ತನಗೆ ಅರ್ಥವಾಗುವಷ್ಟು ಅಂಕಿಗಳನ್ನು ಓದಿ, ಅರ್ಥವಾಗದ ಅಕ್ಷರ ಬಂದೊಡನೆ ನಿಂತು, ಅಲ್ಲಿಯವರೆಗೆ ಓದಿದ್ದನ್ನೇ ಉತ್ತರವೆಂದು ಕೊಡುತ್ತದೆ. ‘12 ಕೆಜಿ’ ಎಂಬುದರಿಂದ 12 ಬರುವುದು ಅನುಕೂಲವೆನಿಸಬಹುದು; ಆದರೆ ‘1,25,000’ದಿಂದ ಬರುವುದು 1, ‘1೫೦’ರಿಂದ ಬರುವುದೂ 1. ಕಾಮಾಗಳನ್ನು ಮೊದಲೇ ತೆಗೆದುಹಾಕಿದರಾಯಿತೆಂದು ನಾನು, ಪಠ್ಯದ ಭಾಗವನ್ನು ಹುಡುಕಿ ಬದಲಿಸುವ ರಿಪ್ಲೇಸ್ ಬಳಸಿದೆ. ಹುಡುಕಬೇಕಾದದ್ದನ್ನು ಬರಿಯ ಪಠ್ಯವಾಗಿ ಕೊಟ್ಟರೆ ಜಾವಾಸ್ಕ್ರಿಪ್ಟ್‌ನಲ್ಲಿ ಅದು ಮೊದಲ ಕಾಮಾವನ್ನು ಮಾತ್ರ ತೆಗೆಯುತ್ತದೆ ಎಂಬುದನ್ನು ಮರೆತಿದ್ದೆ. ಉಳಿದದ್ದು ‘125,000’, ಪಾರ್ಸ್‌ಇಂಟ್ ಕೊಟ್ಟದ್ದು 125. ಒಂದೂಕಾಲು ಲಕ್ಷದ ಬಾಕಿ ನೂರಿಪ್ಪತ್ತೈದು ರೂಪಾಯಿಯಾಗಿ, ಯಾವ ದೋಷಸೂಚನೆಯೂ ಇಲ್ಲದೆ ಮೊತ್ತದೊಳಗೆ ಸೇರಿಹೋಗಿತ್ತು. ಅದನ್ನು ಕಂಡುಹಿಡಿದವರು ದೊಡ್ಡಪ್ಪನವರು, ತಮ್ಮ ಕೈಬರಹದ ಖಾತೆಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು. ಹಣದ ಲೆಕ್ಕದಲ್ಲಿ ಪಾರ್ಸ್‌ಇಂಟ್ ಬಳಸಬಾರದೆಂಬ ನನ್ನ ತೀರ್ಮಾನ ಅಂದಿನದು. ದಶಮಾಂಶಗಳನ್ನೂ ಓದುವ ಪಾರ್ಸ್‌ಫ್ಲೋಟ್ ಕೂಡ ಇದೇ ಜಾಡಿನದಾದ್ದರಿಂದ ಅದನ್ನೂ ಬದಿಗಿಟ್ಟೆ.

ನಂಬರ್ ಎಂಬ ಕಾರ್ಯ ಇದಕ್ಕಿಂತ ಕಟ್ಟುನಿಟ್ಟು. ಇಡೀ ಪಠ್ಯ ಸಂಖ್ಯೆಯಾಗಿರದಿದ್ದರೆ ಅದು ‘ನ್ಯಾನ್’, ಅಂದರೆ ‘ಸಂಖ್ಯೆಯಲ್ಲ’ ಎಂಬ ಗುರುತನ್ನು ಕೊಡುತ್ತದೆ. ಕಾಮಾ ಇದ್ದರೂ ನ್ಯಾನ್, ಕನ್ನಡ ಅಂಕಿ ಇದ್ದರೂ ನ್ಯಾನ್. ಒಂದು ನ್ಯಾನ್ ಸೇರಿದರೆ ಒಟ್ಟು ಮೊತ್ತವೇ ನ್ಯಾನ್ ಆಗುವುದರಿಂದ ತಪ್ಪು ಎಲ್ಲೋ ಇದೆಯೆಂದು ತಿಳಿಯುತ್ತದೆ, ಯಾವ ಸಾಲಿನಲ್ಲಿದೆ ಎಂದು ಮಾತ್ರ ತಿಳಿಯುವುದಿಲ್ಲ. ಅದರ ನಿಜವಾದ ದೋಷ ಇನ್ನೊಂದು: ಖಾಲಿ ಪಠ್ಯವನ್ನು ಅದು ಸೊನ್ನೆಯೆಂದು ಓದುತ್ತದೆ. ಮಂಡಿಯಲ್ಲಿ ಖಾಲಿ ಬಿಟ್ಟ ಮನೆಯೆಂದರೆ ‘ಇನ್ನೂ ಬರೆದಿಲ್ಲ’ ಎಂದರ್ಥ. ಸೊನ್ನೆಯೆಂದರೆ ‘ಬಾಕಿ ತೀರಿತು’ ಎಂದರ್ಥ. ಇವೆರಡನ್ನು ಒಂದಾಗಿಸುವ ಕಾರ್ಯವನ್ನು ಅದರ ಮುಂದೆ ಕಾವಲಿಲ್ಲದೆ ಬಳಸುವಂತಿಲ್ಲ.

ಪಠ್ಯವನ್ನು ಪೂರ್ಣಾಂಕವಾಗಿಸುವ ಪೈಥಾನ್‌ನ ಇಂಟ್ ನನಗೆ ನಿಜಕ್ಕೂ ಸಂತೋಷ ಕೊಟ್ಟಿತು. ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ದಶಮಾನ ಅಂಕಿಯೆಂದು ಗುರುತಿಸಿದ ಯಾವ ಲಿಪಿಯ ಅಂಕಿಯನ್ನಾದರೂ ಅದು ಓದುತ್ತದೆ. ‘೧೫೦’ ಕೊಟ್ಟರೆ 150, ‘1೫೦’ ಎಂಬ ಬೆರಕೆ ಕೊಟ್ಟರೂ 150. ಖಾಲಿ ಪಠ್ಯಕ್ಕೂ ಕಾಮಾ ಇರುವ ಪಠ್ಯಕ್ಕೂ ವ್ಯಾಲ್ಯೂಎರರ್ ಎಂಬ ದೋಷಸೂಚನೆ ಎತ್ತಿ ಅಲ್ಲಿಯೇ ನಿಲ್ಲುತ್ತದೆ. ಸಾಲು ಕೈಗೆ ಸಿಗುತ್ತದೆ. ಅದರ ರಿಪ್ಲೇಸ್ ಎಲ್ಲ ಕಾಮಾಗಳನ್ನೂ ಒಮ್ಮೆಗೇ ತೆಗೆಯುತ್ತದೆ. ಪೈಸೆಗಳಿರುವ ಸಾಲುಗಳಿಗೆ, ದಶಮಾನದಲ್ಲೇ ಲೆಕ್ಕವಿಡುವ ಡೆಸಿಮಲ್ ಬಳಸಿದೆ; ಅದೂ ಕನ್ನಡ ಅಂಕಿಗಳನ್ನು ಒಪ್ಪುತ್ತದೆ. ಜಾವಾಸ್ಕ್ರಿಪ್ಟ್‌ನ ಟುಫಿಕ್ಸ್‌ಡ್ ಮಾತ್ರ 1.005 ಎಂಬುದನ್ನು ಎರಡು ದಶಮಾಂಶ ಸ್ಥಾನಕ್ಕೆ 1.01ರ ಬದಲು 1.00 ಎಂದು ಬರೆಯುತ್ತದೆ. ದ್ವಿಮಾನದಲ್ಲಿ ಸಂಗ್ರಹವಾದ ಬೆಲೆ 1.005ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರುವುದೇ ಅದಕ್ಕೆ ಕಾರಣ.

ಸಂಖ್ಯೆಯನ್ನು ಪಠ್ಯವಾಗಿಸುವ ದಿಕ್ಕಿನಲ್ಲಿ ಎರಡು ಎಂಜಿನ್‌ಗಳ ನಡುವೆ ಅಷ್ಟು ಅಂತರವಿಲ್ಲ. ಮರಳಿ ಓದಿದಾಗ ಅದೇ ಸಂಖ್ಯೆ ಬರುವಂತಹ ಅತಿ ಚಿಕ್ಕ ಬರಹವನ್ನೇ ಎರಡೂ ಕೊಡುತ್ತವೆ. ಪೈಥಾನ್ 2009ರ 3.1ರಿಂದ ಈ ಪದ್ಧತಿಗೆ ಬಂದಿತು. ವಿ8, ಫ್ಲೋರಿಯನ್ ಲೊಯ್ಚ್ ಅವರು 2010ರಲ್ಲಿ ಪ್ರಕಟಿಸಿದ ಗ್ರಿಸು ಕ್ರಮವನ್ನು ಅಳವಡಿಸಿಕೊಂಡಿತು. 0.1 ಮತ್ತು 0.2 ಕೂಡಿದರೆ ಎರಡರಲ್ಲೂ 0.30000000000000004 ಎಂದೇ ಬರುತ್ತದೆ. ತೋರಿಕೆಯ ಬರಹದಲ್ಲಿ ಮಾತ್ರ ಜಾವಾಸ್ಕ್ರಿಪ್ಟ್ ಮುಂದಿದೆ: ದೇಶ, ಭಾಷೆಗಳಿಗೆ ತಕ್ಕಂತೆ ಬರೆಯುವ ಅದರ ಇಂಟ್ಲ್ ಸೌಲಭ್ಯಕ್ಕೆ ಭಾರತದ ಇಂಗ್ಲಿಷ್ ಎಂದು ತಿಳಿಸಿದರೆ 1,25,000 ಎಂದು ಲಕ್ಷದ ಲೆಕ್ಕದಲ್ಲಿ ಕಾಮಾ ಹಾಕುತ್ತದೆ, ಅಂಕಿವ್ಯವಸ್ಥೆ ಕನ್ನಡವೆಂದು ಹೇಳಿದರೆ ಅಂಕಿಗಳನ್ನೂ ಕನ್ನಡದಲ್ಲಿ ಬರೆಯುತ್ತದೆ. ಪೈಥಾನ್‌ನ ಫಾರ್ಮ್ಯಾಟ್‌ಗೆ ಕಾಮಾ ಹಾಕೆಂದು ಹೇಳಿದರೆ 125,000 ಎಂದು ಸಾವಿರದ ಲೆಕ್ಕದಲ್ಲಷ್ಟೇ ಹಾಕುತ್ತದೆ.

ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಎರಡರಲ್ಲೂ ಸಂಖ್ಯೆಯಾಗಿಸಲಿಲ್ಲ. ಮೊದಲಿನ ಸೊನ್ನೆಗಳು ಎರಡರಲ್ಲೂ ಅಳಿದುಹೋಗುತ್ತವೆ. ಮೇಲಾಗಿ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ 9007199254740991 ದಾಟಿದ ಪೂರ್ಣಾಂಕಗಳನ್ನೆಲ್ಲ ನಿಖರವಾಗಿ ಹಿಡಿದಿಡಲಾರದು, ಕೊನೆಯಲ್ಲಿ 993 ಇದ್ದುದನ್ನು 992 ಮಾಡಿಬಿಡುತ್ತದೆ.

ಪರದೆಯ ಭಾಗ ಬ್ರೌಸರಿನಲ್ಲೇ ನಡೆಯಬೇಕಾದ್ದರಿಂದ ಕೊನೆಗೆ ಜಾವಾಸ್ಕ್ರಿಪ್ಟನ್ನೇ ಇಟ್ಟುಕೊಂಡೆ. ಆದರೆ ಪೈಥಾನ್‌ನ ನಡವಳಿಕೆಯನ್ನು ಅದರೊಳಗೆ ಕಟ್ಟಿದೆ. ಖಾಲಿ ಮನೆಯನ್ನು ಮೊದಲೇ ತಡೆದು, ಎಲ್ಲ ಕಾಮಾಗಳನ್ನು ರಿಪ್ಲೇಸ್‌ಆಲ್‌ನಿಂದ ತೆಗೆದು, ಯುನಿಕೋಡ್‌ನಲ್ಲಿ 3302ರಿಂದ 3311ರವರೆಗಿನ ಕನ್ನಡ ಅಂಕಿಗಳ ಸಂಖ್ಯೆಯಿಂದ 3254 ಕಳೆದು ಸಾಮಾನ್ಯ ಅಂಕಿಗಳನ್ನಾಗಿಸಿ, ಉಳಿದದ್ದರಲ್ಲಿ ಅಂಕಿ ಮತ್ತು ಒಂದೇ ಒಂದು ಚುಕ್ಕಿಯ ಹೊರತು ಬೇರೇನೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ನಂಬರ್‌ಗೆ ಒಪ್ಪಿಸುತ್ತೇನೆ. ಪ್ರತಿದಿನದ ಮೊತ್ತವನ್ನು ಪೈಥಾನ್‌ನ ಡೆಸಿಮಲ್‌ನಲ್ಲಿ ಮತ್ತೊಮ್ಮೆ ಕೂಡಿ ತಾಳೆ ನೋಡುತ್ತೇನೆ.

ಇಷ್ಟಾದರೂ ಎರಡು ಎಂಜಿನ್‌ಗಳೂ ಓದದ ಸಾಲುಗಳು ಕೆಲವು ಉಳಿದವು. ತೆರೆದು ನೋಡಿದಾಗ, ದೊಡ್ಡಪ್ಪನವರು ಸೊನ್ನೆಯ ಬದಲಿಗೆ ಅನುಸ್ವಾರವನ್ನು ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ ವೃತ್ತ. ಯುನಿಕೋಡ್‌ನಲ್ಲಿ ಅನುಸ್ವಾರ 3202, ಸೊನ್ನೆ 3302. ಅದನ್ನು ತಾನಾಗಿಯೇ ಸೊನ್ನೆಯಾಗಿಸುವುದು ಸುಲಭವಿತ್ತು, ಆದರೆ ಸೊನ್ನೆಯೊಂದನ್ನು ಊಹೆಯಿಂದ ಸೇರಿಸಿದರೆ ಬಾಕಿ ಹತ್ತುಪಟ್ಟಾಗುತ್ತದೆ. ಆದ್ದರಿಂದ ಅಂಥ ಸಾಲು ಬಂದಾಗ ಆ ಅಕ್ಷರವನ್ನು ಕೆಂಪಾಗಿಸಿ, ‘ಇದು ಸೊನ್ನೆಯೇ?’ ಎಂದು ಅವರನ್ನೇ ಕೇಳುವಂತೆ ಮಾಡಿದ್ದೇನೆ.