ಕಲ್ವದ ಹುಳಕ್ಕೆ ಸಿಹಿನೀರಾ, ಉಪ್ಪುನೀರಾ, ಬಿಸಿಲಾ?

ಅಘನಾಶಿನಿ ಅಳಿವೆಯಲ್ಲಿ ನನ್ನದು ಸಣ್ಣ ಸಾಕಣೆ. ಮೇಲೆ ತೂಗುವ ಬುಟ್ಟಿಗಳಲ್ಲಿ ಕಲ್ವ, ಅಂದ್ರೆ ಆಯ್ಸ್ಟರ್. ಕೆಳಗೆ ಕೆಸರಲ್ಲಿ ಬಲೆ ಹೊದಿಸಿದ ಬಳಚು, ಅಂದ್ರೆ ಕ್ಲಾಮ್. ಹೋದ ಬೇಸಿಗೆಯಲ್ಲಿ ಒಂದು ಕಲ್ವ ಬಿಡಿಸಿದೆ, ಒಳಚಿಪ್ಪಿನಲ್ಲಿ ಕಪ್ಪು ಗುಳ್ಳೆ. ಚಾಕುವಿನ ಮೊನೆಯಿಂದ ಕುಕ್ಕಿದರೆ ಕೊಳೆತ ಮೊಟ್ಟೆಯ ವಾಸನೆ, ಕೆಸರು, ನಡುವೆ ದಾರದ ಎಳೆಯಂಥ ಕೆಂಪು ಹುಳ. ಪಾಲಿಡೋರಾ. ಇದು ಮಾಂಸ ತಿನ್ನುವುದಿಲ್ಲ, ಚಿಪ್ಪು ಕೊರೆದು ಕೂರುತ್ತದೆ, ಕಲ್ವ ಪಾಪ ಅದನ್ನು ಮುಚ್ಚಲು ಒಳಗಿಂದ ಹೊಸ ಚಿಪ್ಪು ಕಟ್ಟುತ್ತಾ ಸೊರಗುತ್ತದೆ.

ಮೂರು ಬುಟ್ಟಿಗೆ ಮೂರು ಉಪಾಯ ಮಾಡಿದೆ.

ಮೊದಲನೆಯದನ್ನು ಬಾವಿ ನೀರು ತುಂಬಿದ ಡ್ರಮ್ಮಲ್ಲಿ ರಾತ್ರಿಯಿಡೀ ಮುಳುಗಿಸಿದೆ. ಬೆಳಿಗ್ಗೆ ತಳದಲ್ಲಿ ಸತ್ತ ಹುಳ ಬಿದ್ದಿದ್ದವು, ಖುಷಿಯಾಯಿತು. ಆದರೆ ಏಪ್ರಿಲ್‌ನಲ್ಲಿ ನಮ್ಮ ಬಾವಿಯಲ್ಲೇ ನೀರಿಲ್ಲ, ದೋಣಿಯಲ್ಲಿ ಡ್ರಮ್ ಹೊತ್ತು ಬೆನ್ನೂ ಹೋಯಿತು.

ಎರಡನೆಯದಕ್ಕೆ ಲೀಟರಿಗೆ ಸುಮಾರು 250 ಗ್ರಾಂ ಕಲ್ಲುಪ್ಪು, 15 ನಿಮಿಷ, ಆಮೇಲೆ ತೊಳೆಯದೆ ಎರಡು ಗಂಟೆ ನೆರಳಲ್ಲಿ ಹರವಿದ್ದು. ಚಿಪ್ಪು ಒಣಗುತ್ತಾ ಉಪ್ಪು ಬಿಲಕ್ಕೆ ಇಳಿಯುತ್ತದೆ, ಕೆಲಸ ಆಗುವುದು ಅಲ್ಲೇ. ತೆಳು ಚಿಪ್ಪಿನ ಮರಿಗಳು ಕೆಲವು ಸತ್ತವು, ದೊಡ್ಡವು ಗಟ್ಟಿ ಉಳಿದವು.

ಬಿಸಿಲು ಪುಕ್ಕಟೆ, ಅದಕ್ಕೇ ಮೋಸ ಹೋದೆ. ಮಧ್ಯಾಹ್ನ ಎತ್ತಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅರ್ಧ ಬುಟ್ಟಿ ಬಾಯಿ ತೆರೆದಿತ್ತು. ಬೆಳಗಿನ ಜಾವ ಒಣಗಿಸಿದರೆ ಮೇಲಿನ ಪಾಚಿ ಹೋಗುತ್ತದೆ, ಆಳದ ಹುಳಕ್ಕೆ ಏನೂ ಆಗಲಿಲ್ಲ. ನನ್ನ ಓಟು ಉಪ್ಪಿಗೆ, ಮರಿಗಳನ್ನು ಬಿಟ್ಟು.

ಬಳಚಿನ ಕತೆಯೇ ಬೇರೆ. ಅದರೊಳಗೆ ಪರ್ಕಿನ್ಸಸ್ ಎಂಬ ಕಣ್ಣಿಗೆ ಕಾಣದ ಪರಾವಲಂಬಿ ಸೇರಿದರೆ ಸಿಹಿನೀರೂ ನಾಟದು, ಉಪ್ಪೂ ನಾಟದು. ಕೊರಿಯಾದ ಬಳಚು ಸಾಕಣೆಗೆ ಇದೇ ದೊಡ್ಡ ತಲೆನೋವು. ಮಾಂಸ ನೀರು ನೀರಾಗಿ ಸೊರಗಿದರೆ ಸಂಶಯ ಪಡಬಹುದು, ಅಷ್ಟೇ. ಖಾತ್ರಿಗೆ ಲ್ಯಾಬ್ ಬೇಕು: ಕಿವಿರಿನ ಚೂರನ್ನು ಕತ್ತಲಲ್ಲಿ ವಾರದಷ್ಟು ದ್ರಾವಣದಲ್ಲಿಟ್ಟು ಅಯೋಡಿನ್ ಹಾಕಿದರೆ ನೀಲಿಗಪ್ಪು ಗುಂಡುಗಳು ಕಾಣುತ್ತವೆ. ತಿಂದವರಿಗೆ ಇದರಿಂದ ರೋಗ ಬರುವುದಿಲ್ಲ. ಆದರೆ ಹರಿಯೋ ನೀರಿಗೆ ಔಷಧಿ ಸುರಿಯಕ್ಕಾಗುತ್ತಾ?

ಇದು ಬೆಚ್ಚಗಿನ, ಉಪ್ಪು ಜಾಸ್ತಿ ಇರುವ ನೀರಿನಲ್ಲಿ ಹೆಚ್ಚುತ್ತದೆ. ಹೊಳೆಯ ನೀರನ್ನು ಬದಲಿಸಲು ನನ್ನಿಂದಾಗದು, ಎಷ್ಟು ದಟ್ಟವಾಗಿ ಬಿತ್ತುವುದು ಎಂಬುದಷ್ಟೇ ನನ್ನ ಕೈಯಲ್ಲಿದೆ. ಹಾಗಾಗಿ ನಾನು ಒಂದು ಪಾತಿ ದಟ್ಟ, ಇನ್ನೊಂದು ಅದರ ಅರ್ಧ ಬಿತ್ತಿ ನೋಡಿದೆ. ತೆಳು ಪಾತಿಯಲ್ಲಿ ಸತ್ತಿದ್ದು ಕಡಿಮೆ, ಮಾಂಸ ತುಂಬಿಕೊಂಡಿತ್ತು. ರೋಗ ಕಡಿಮೆಯಾಗಿದ್ದಕ್ಕೋ, ಹೊಟ್ಟೆ ತುಂಬ ಸಿಕ್ಕಿದ್ದಕ್ಕೋ, ಪರೀಕ್ಷೆ ಮಾಡಿಸದೆ ಹೇಳಲಾರೆ. ಈಗ ಬಿಸಿಲು ಏರುವ ಮುಂಚೆ ದೊಡ್ಡವನ್ನು ಕಿತ್ತು ಮಾರುತ್ತೇನೆ. ಮೊದಲು ಸತ್ತದ್ದನ್ನು ಸುಮ್ನೆ ಅಲ್ಲೇ ಹೊಳೆಗೆ ಎಸೆಯುತ್ತಿದ್ದೆ, ಈಗ ದಡದ ಮೇಲೆ ಹೂಳುತ್ತೇನೆ. ಮೊನ್ನೆ ಒಬ್ಬರು ಬೇರೆ ಹೊಳೆಯ ಬಳಚು ಮರಿ ಅರ್ಧ ರೇಟಿಗೆ ಕೊಡುತ್ತೇನೆ ಅಂದರು. ಲ್ಯಾಬಿಗೆ ಕಳಿಸಲು ಮೂವತ್ತು ಮರಿ ಮೊದಲು ಕೊಡಿ ಅಂದೆ. ಆಮೇಲೆ ಫೋನ್ ಬಂದಿಲ್ಲ.