ಮನೆಯ ಧ್ವನಿಮುದ್ರಣ: ಕ್ಯಾಸೆಟ್ ಡೆಕ್ ಮತ್ತು ಡಿಜಿಟಲ್ ರೆಕಾರ್ಡರ್

ಬಸವನಗುಡಿಯ ನಮ್ಮ ಮನೆಯಲ್ಲಿ ತಂಬೂರಿಯ ಶ್ರುತಿಗೆ ಅಕ್ಕ ನುಡಿಸಿದ ವೀಣೆಯನ್ನು ಒಂದೇ ಜೋಡಿ ಮೈಕುಗಳಿಂದ ಹಳೆಯ ಕ್ಯಾಸೆಟ್ ಡೆಕ್‌ನಲ್ಲಿಯೂ 24 ಬಿಟ್‌ನ ಡಿಜಿಟಲ್ ರೆಕಾರ್ಡರ್‌ನಲ್ಲಿಯೂ ಏಕಕಾಲಕ್ಕೆ ಮುದ್ರಿಸಿ, ವಾರವಿಡೀ ಎರಡನ್ನೂ ಕೇಳಿ ಹೋಲಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ವ್ಯತ್ಯಾಸ ಮೊದಲು ಬಯಲಾದದ್ದು ತಂಬೂರಿಯಲ್ಲಿ. 1963ರಲ್ಲಿ ಫಿಲಿಪ್ಸ್ ಪರಿಚಯಿಸಿದ ಕ್ಯಾಸೆಟ್‌ನ ಟೇಪು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ವೇಗದಲ್ಲಷ್ಟೇ ಚಲಿಸುತ್ತದೆ. ಮೋಟಾರು ಅಥವಾ ರಬ್ಬರ್ ಬೆಲ್ಟಿನ ಅಲ್ಪ ಏರುಪೇರೂ ಶ್ರುತಿಯ ಅಲುಗಾಟವಾಗಿ ಕೇಳಿಸುತ್ತದೆ, ಮತ್ತು ವೇಗದ ಸ್ವರಗಳ ನಡುವೆ ಗಮನಕ್ಕೆ ಬಾರದ ಈ ದೋಷವು ನಿಂತ ಷಡ್ಜದಲ್ಲಿ ಅಡಗಲಾರದು. ಡಿಜಿಟಲ್ ಮುದ್ರಣದಲ್ಲಿ ಶ್ರುತಿ ಕದಲಲೇ ಇಲ್ಲ. ಮೀಟಿನ ನಂತರ ಕ್ಷೀಣಿಸುವ ನಾದವು ಟೇಪಿನ ಹಿಸ್ಸೆಂಬ ಸದ್ದಿನೊಳಗೆ ಮುಳುಗಿದರೆ, ಡಿಜಿಟಲ್‌ನಲ್ಲಿ ಕೊನೆಯವರೆಗೂ ಉಳಿಯಿತು. ಬುಲ್ ಟೆಂಪಲ್ ರಸ್ತೆಯ ಆಟೋಗಳ ಸದ್ದೂ ಅಷ್ಟೇ ಸ್ಪಷ್ಟವಾಗಿ ಉಳಿಯಿತೆಂಬುದನ್ನು ಹೇಳಲೇಬೇಕು.

ಆದರೂ ಟೇಪಿಗೊಂದು ನಿಜವಾದ ಗುಣವಿದೆ. ಮುದ್ರಣದ ಧ್ವನಿಮಟ್ಟ ಮಿತಿ ಮೀರಿದಾಗ ಅದರ ಕಾಂತೀಯ ಲೇಪನವು ಕ್ರಮೇಣ ಸಂತೃಪ್ತವಾಗಿ, ಅಂದರೆ ಇನ್ನಷ್ಟನ್ನು ಹಿಡಿಯಲಾರದಂತಾಗಿ, ಮೀಟಿನ ಮೊನೆಯನ್ನು ಮೃದುಗೊಳಿಸುತ್ತದೆ. ಡಿಜಿಟಲ್‌ನಲ್ಲಿ ಅದೇ ತಪ್ಪಿಗೆ ಅಲೆಯ ತುದಿ ಕತ್ತರಿಸಿಹೋಗಿ ಕರ್ಕಶ ಸದ್ದು ಉಳಿಯುತ್ತದೆ. ಆದ್ದರಿಂದ ಗರಿಷ್ಠ ಮಟ್ಟವನ್ನು, ರೆಕಾರ್ಡರ್‌ನ ಮೇಲ್ಮಿತಿಯಾದ ಸೊನ್ನೆಗಿಂತ ಕೆಳಗೆ, ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿಟ್ಟು ಮುದ್ರಿಸುವುದು ಕ್ಷೇಮ. ಅಕ್ಕನ ಪಾಠಗಳಿಗೆ ನಾನು ಡಿಜಿಟಲ್ ರೆಕಾರ್ಡರನ್ನೇ ಆರಿಸಿದ್ದೇನೆ. ಅಜ್ಜಿಯ ಕ್ಯಾಸೆಟ್‌ಗಳನ್ನು ಕೇಳಲು ಡೆಕ್ ಕಪಾಟಿನ ಮೇಲೆ ಹಾಗೆಯೇ ಇರುತ್ತದೆ.